ಬೈಕಿನ ಜೊತೆಗೊಂದು ಪುಟ್ಟ ಕ್ಯಾಮೆರಾ: ನಾಗರಬಾವಿಯ ಚಿಕ್ಕಪ್ಪನ ಕಿವಿಮಾತು

ಮಗಳೇ,

ಬೈಕ್ ಬಂದಾಯಿತು, ಇನ್ನು ಜೊತೆಗೆ ಒಯ್ಯಲು ಪುಟ್ಟದೊಂದು ಕ್ಯಾಮೆರಾ ಬೇಕು, ಯಾವುದು ತಗೊಳ್ಳಲಿ ಚಿಕ್ಕಪ್ಪ ಎಂದು ಕೇಳಿದೆಯಲ್ಲ. ಒಂದು ಹೆಸರು ಹೇಳಿ ಮುಗಿಸಬಹುದಿತ್ತು. ಆದರೆ ಭಾನುವಾರ ಬೆಳಿಗ್ಗೆ ನಾಗರಬಾವಿ ಸರ್ಕಲ್ ಬಿಟ್ಟು ನೀನು ಯಾವ ಕಡೆಗೆ ಹ್ಯಾಂಡಲ್ ತಿರುಗಿಸುತ್ತೀಯ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಸುಮನಹಳ್ಳಿಯಲ್ಲಿ ಮಾಗಡಿ ರಸ್ತೆ ಹಿಡಿದರೆ ತಾವರೆಕೆರೆ, ಮಾಗಡಿ, ಸಾವನದುರ್ಗ. ಜ್ಞಾನಭಾರತಿ ದಾಟಿ ಕೆಂಗೇರಿ ಕಡೆಗೆ ಹೋದರೆ ದೊಡ್ಡ ಆಲದಮರ, ಮಂಚನಬೆಲೆ, ಇನ್ನೂ ಮುಂದೆ ಬಿಡದಿ, ರಾಮನಗರ. ಆ ದಾರಿಯ ಧೂಳು, ಮಳೆ, ಬೆಳಕು, ಗಾಡಿ ನಿಲ್ಲಿಸಲು ಸಿಗುವ ಜಾಗ, ಇವೇ ನಿನ್ನ ಕ್ಯಾಮೆರಾವನ್ನು ಆರಿಸಬೇಕು. ಅಂಗಡಿಯ ಗಾಜಿನ ಕಪಾಟಿನೊಳಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ದಾರಿಯನ್ನು ಕಣ್ಣ ಮುಂದೆ ಇಟ್ಟುಕೊಂಡು ಇದನ್ನು ಓದು.

• ಕ್ಯಾಮೆರಾಕ್ಕಿಂತ ಮೊದಲು ಮೈಮೇಲಿನದು. ಐಎಸ್‌ಐ ಗುರುತಿನ ಒಳ್ಳೆಯ ಹೆಲ್ಮೆಟ್, ಗ್ಲೌಸ್, ಭುಜ ಮತ್ತು ಮೊಣಕೈಗೆ ರಕ್ಷಣೆ ಇರುವ ಜಾಕೆಟ್, ಕಣಕಾಲು ಮುಚ್ಚುವ ಬೂಟು. ಇವುಗಳಲ್ಲಿ ಯಾವುದಾದರೂ ಬಾಕಿ ಇದ್ದರೆ ಕ್ಯಾಮೆರಾಕ್ಕೆ ಎತ್ತಿಟ್ಟ ದುಡ್ಡು ಮೊದಲು ಅಲ್ಲಿಗೆ ಹೋಗಲಿ. ಕ್ಯಾಮೆರಾ ಮುಂದಿನ ಯುಗಾದಿಗೆ ಬಂದರೂ ಸಾವನದುರ್ಗ ಅಲ್ಲೇ ಇರುತ್ತದೆ.

• ಉಳಿದ ದುಡ್ಡನ್ನೂ ಪೂರ್ತಿ ಕ್ಯಾಮೆರಾಕ್ಕೇ ಸುರಿಯಬೇಡ. ಇನ್ನೊಂದು ಬ್ಯಾಟರಿ, ಎರಡು ಮೆಮೊರಿ ಕಾರ್ಡ್, ಒಳಗೆ ಫೋಮ್ ಇರುವ ಪೌಚ್, ಮಣಿಕಟ್ಟಿಗೆ ಹಾಕುವ ಪಟ್ಟಿ, ಧೂಳು ಊದುವ ರಬ್ಬರ್ ಬ್ಲೋವರ್, ಮೈಕ್ರೋಫೈಬರ್ ಬಟ್ಟೆ, ಒಂದಿಷ್ಟು ಸಿಲಿಕಾ ಜೆಲ್. ಇವೆಲ್ಲ ಸೇರಿದರೆ ಸಣ್ಣ ಮೊತ್ತವಲ್ಲ. ಇವಿಲ್ಲದೆ ಕ್ಯಾಮೆರಾ ಒಂದೇ ಇದ್ದರೆ ರೈಡ್‌ಗೆ ಒಯ್ಯಲು ಮನಸ್ಸೇ ಬರುವುದಿಲ್ಲ.

• "ಫೋನಿನಲ್ಲೇ ಅಷ್ಟು ಚೆನ್ನಾಗಿ ಬರುತ್ತಲ್ಲ, ಬೇರೆ ಕ್ಯಾಮೆರಾ ಯಾಕೆ?" ಎಂದು ನಿನ್ನ ಅಪ್ಪ ಕೇಳೇ ಕೇಳುತ್ತಾರೆ. ಅಣ್ಣ ಹೇಳುವುದರಲ್ಲಿ ತಪ್ಪಿಲ್ಲ. ಇಂದಿನ ಒಳ್ಳೆಯ ಫೋನ್ ಹಗಲು ಬೆಳಕಿನಲ್ಲಿ ತೆಗೆಯುವ ಚಿತ್ರವನ್ನು ಸಣ್ಣ ಸೆನ್ಸರ್‌ನ ಎಷ್ಟೋ ಕ್ಯಾಮೆರಾಗಳು ಮೀರಿಸಲಾರವು. ಹಾಗಾಗಿ ಅಗ್ಗದ ಕ್ಯಾಮೆರಾ ಕೊಳ್ಳುವುದಾದರೆ ಕೊಳ್ಳದೇ ಇರುವುದೇ ಮೇಲು, ಅದನ್ನು ಅವರಿಗೆ ಒಪ್ಪಿಕೋ.

ಆದರೆ ರೈಡ್‌ನಲ್ಲಿ ಫೋನ್ ಬರೀ ಕ್ಯಾಮೆರಾ ಅಲ್ಲ. ದಾರಿ ತೋರಿಸುವುದು ಅದು, ಪೆಟ್ರೋಲ್ ಬಂಕಿನಲ್ಲಿ ದುಡ್ಡು ಕೊಡುವುದು ಅದು, ಏನಾದರೂ ಆದರೆ 112ಕ್ಕೆ ಕರೆ ಹೋಗಬೇಕಾದದ್ದೂ ಅದರಿಂದಲೇ. ಮಂಚನಬೆಲೆ ಕಡೆಯ ಖಾಲಿ ರಸ್ತೆಯಲ್ಲಿ ಅದರ ಬ್ಯಾಟರಿ ಮುಗಿಯಬಾರದು, ಬಂಡೆಯ ಮೇಲಿಂದ ಅದು ಕೈಜಾರಬಾರದು. ಚಿತ್ರದ ಕೆಲಸವನ್ನು ಬೇರೆ ಕೈಗೆ ಒಪ್ಪಿಸುವುದಕ್ಕೆ ನನ್ನ ಮಟ್ಟಿಗೆ ಇದೇ ದೊಡ್ಡ ಕಾರಣ.

ಇನ್ನೊಂದು ಕಾರಣವೂ ಇದೆ. 2021ರ ಸೆಪ್ಟೆಂಬರ್‌ನಲ್ಲಿ ಆಪಲ್ ಕಂಪನಿ ತಾನಾಗಿಯೇ ಒಂದು ಸೂಚನೆ ಪ್ರಕಟಿಸಿತು: ಶಕ್ತಿಶಾಲಿ ಮೋಟಾರ್‌ಸೈಕಲ್ ಎಂಜಿನ್‌ಗಳ ಕಂಪನ ಹ್ಯಾಂಡಲ್ ಮೂಲಕ ನೇರವಾಗಿ ತಾಗಿದರೆ ಐಫೋನಿನ ಕ್ಯಾಮೆರಾ ಕೆಡಬಹುದು. ಕೈನಡುಕ ಸರಿಪಡಿಸಲು ಲೆನ್ಸನ್ನು ತೇಲಿಸಿ ಹಿಡಿಯುವ ಸೂಕ್ಷ್ಮ ಭಾಗಗಳು ಒಳಗಿವೆ, ಬಹಳ ಕಾಲ ಕಂಪನ ತಿಂದರೆ ಅವುಗಳ ಹಿಡಿತ ತಪ್ಪುತ್ತದೆ. ದಾರಿ ನೋಡಲು ಫೋನನ್ನು ಹ್ಯಾಂಡಲ್‌ಗೆ ಸಿಕ್ಕಿಸುವುದೇ ಆದರೆ ಕಂಪನ ಹೀರುವ ಹೋಲ್ಡರ್ ಹಾಕಿಸು. ಕ್ಯಾಮೆರಾವನ್ನಂತೂ ಹ್ಯಾಂಡಲ್‌ಗೆ ಎಂದೂ ಬಿಗಿಯಬೇಡ. ಅದರೊಳಗೂ ಅದೇ ಬಗೆಯ ಭಾಗಗಳಿವೆ.

• ಅಂಗಡಿಗೆ ಹೋಗುವ ದಿನ ಜಾಕೆಟ್ ಹಾಕಿಕೊಂಡು ಹೋಗು, ಗ್ಲೌಸ್ ಮತ್ತು ಹೆಲ್ಮೆಟ್ ಕೈಯಲ್ಲಿರಲಿ. ಅಂಗಡಿಯವರು ಏನಾದರೂ ಅಂದುಕೊಳ್ಳಲಿ, ನಾಚಿಕೊಳ್ಳಬೇಡ. ಗ್ಲೌಸ್ ಹಾಕಿಕೊಂಡು ಆನ್ ಗುಂಡಿ ಒತ್ತಿ ನೋಡು. ಒಂದೇ ಕೈಯಲ್ಲಿ ಆನ್ ಮಾಡಿ, ಕ್ಲಿಕ್ ಮಾಡಿ, ಆಫ್ ಮಾಡಲು ಆಗಬೇಕು. ಟಚ್ ಸ್ಕ್ರೀನ್ ಒತ್ತದೆ ಏನೂ ಮಾಡಲಾಗದ ಕ್ಯಾಮೆರಾ ರೈಡರ್‌ಗೆ ಒಗ್ಗುವುದಿಲ್ಲ, ಏಕೆಂದರೆ ಬಹಳಷ್ಟು ಗ್ಲೌಸ್‌ಗಳಿಗೆ ಪರದೆ ಸ್ಪಂದಿಸುವುದಿಲ್ಲ.

ಆಮೇಲೆ ಹೆಲ್ಮೆಟ್ ಹಾಕಿಕೊಂಡು ನೋಡು. ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ ಇದ್ದಾಗ ವ್ಯೂಫೈಂಡರ್‌ಗೆ ಕಣ್ಣು ತಾಗುವುದೇ ಇಲ್ಲ, ಹೆಲ್ಮೆಟಿನ ಗದ್ದದ ಭಾಗ ಅಡ್ಡ ಬರುತ್ತದೆ. ಹಾಗಿರುವಾಗ ವ್ಯೂಫೈಂಡರ್‌ಗಾಗಿ ಹೆಚ್ಚು ದುಡ್ಡು ಕೊಡುವುದು ನಿನಗೆ ಬೇಕಿಲ್ಲ. ಬದಲಿಗೆ ಪರದೆಯ ಬೆಳಕು ನೋಡು. ಅಂಗಡಿಯಿಂದ ಎರಡು ಹೆಜ್ಜೆ ಹೊರಗೆ ಬಂದು ಮಧ್ಯಾಹ್ನದ ಬಿಸಿಲಿನಲ್ಲಿ ಪರದೆ ಓದಲು ಬರುತ್ತದೆಯೇ, ವೈಸರ್ ಇಳಿಸಿದಾಗಲೂ ಕಾಣುತ್ತದೆಯೇ ಎಂದು ಪರೀಕ್ಷಿಸು. ಮೇಲಕ್ಕೆ ಮಡಿಸಬಹುದಾದ ಪರದೆ ಇದ್ದರೆ ಒಳ್ಳೆಯದು. ರಸ್ತೆ ಬದಿಯ ಹುಲ್ಲು ಹೂವಿನ ಮಟ್ಟದಿಂದ ಬೈಕ್ ತೆಗೆಯುವಾಗ ನೆಲದ ಮೇಲೆ ಮಲಗಬೇಕಾಗಿಲ್ಲ.

• ತೂಕ 300 ಗ್ರಾಂ ಸುತ್ತಮುತ್ತ ಇರಲಿ. ರಿಕೋ ಜಿಆರ್ 3 ಬ್ಯಾಟರಿ ಸಮೇತ 257 ಗ್ರಾಂ, ಸೋನಿಯ ಮೊದಲ ಆರ್‌ಎಕ್ಸ್100 ಸುಮಾರು 240, ಕ್ಯಾನನ್ ಜಿ7ಎಕ್ಸ್‌ನ ಮೂರನೇ ಮಾದರಿ 304. ಇವು ಜಾಕೆಟ್ ಜೇಬಿಗೆ ಇಳಿಯುತ್ತವೆ. ಎಲ್ಲರ ಬಾಯಲ್ಲೂ ಇರುವ ಫ್ಯೂಜಿಫಿಲ್ಮ್ ಎಕ್ಸ್100 ಸಾಲಿನ ಆರನೆಯ ಮಾದರಿ 521 ಗ್ರಾಂ ತೂಗುತ್ತದೆ. ಸುಂದರವಾದ ಕ್ಯಾಮೆರಾ, ಆದರೆ ಜೇಬಿನದಲ್ಲ. ಗಾಡಿ ಇಳಿದ ಮೇಲೂ ಜೇಬಿಗೆ ಸೇರದ ಕ್ಯಾಮೆರಾವನ್ನು ಮೂರನೇ ರೈಡ್ ಹೊತ್ತಿಗೆ ಮನೆಯಲ್ಲೇ ಬಿಟ್ಟು ಹೊರಡುತ್ತೀಯ.

• ಮೆಗಾಪಿಕ್ಸೆಲ್ ಲೆಕ್ಕ ಬಿಟ್ಟುಬಿಡು. 12 ಇದ್ದರೂ ನಿನ್ನ ಕೋಣೆಯ ಗೋಡೆಗೆ ಬೇಕಾದಷ್ಟು ದೊಡ್ಡ ಪ್ರಿಂಟ್ ತೆಗೆಯಬಹುದು. ಕೇಳಬೇಕಾದ್ದು ಸೆನ್ಸರ್‌ನ ಅಳತೆ. ಅಗ್ಗದ ಕಾಂಪ್ಯಾಕ್ಟ್‌ಗಳಲ್ಲೂ ವಾಟರ್‌ಪ್ರೂಫ್ ಕ್ಯಾಮೆರಾಗಳಲ್ಲೂ ಇರುವುದು ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರದ ಸೆನ್ಸರ್. ಒಂದು ಇಂಚು ಎಂದು ಕರೆಯುವುದು ನಿಜವಾಗಿ 13.2 ಮಿ.ಮೀ. ಅಗಲ, 8.8 ಮಿ.ಮೀ. ಎತ್ತರ, ಅಂದರೆ ವಿಸ್ತೀರ್ಣದಲ್ಲಿ ಮೊದಲಿನದರ ನಾಲ್ಕು ಪಟ್ಟು. ಎಪಿಎಸ್-ಸಿ ಎಂಬುದು 23.5ಕ್ಕೆ 15.6 ಮಿ.ಮೀ., ಹದಿಮೂರು ಪಟ್ಟು.

ಇದು ನಿನಗೆ ಎಲ್ಲಿ ಗೊತ್ತಾಗುತ್ತದೆ? ಬೆಳಗಿನ ಜಾವ ಹೊರಟು ತಾವರೆಕೆರೆ ದಾಟುವ ಹೊತ್ತಿಗೆ ಸೂರ್ಯ ಇನ್ನೂ ಏಳುತ್ತಿರುತ್ತಾನೆ, ಹೊಲದ ಮೇಲೆ ಮಂಜು ಇರುತ್ತದೆ. ಆ ಬೆಳಕಿನಲ್ಲಿ ಸಣ್ಣ ಸೆನ್ಸರ್‌ನ ಚಿತ್ರದಲ್ಲಿ ಕಾಳು ಕಾಳು ಎದ್ದು ಕಾಣುತ್ತದೆ, ದೊಡ್ಡದರಲ್ಲಿ ಮಂಜು ಮಂಜಾಗಿಯೇ ಉಳಿಯುತ್ತದೆ. ಸಾವನದುರ್ಗದ ಮುಂದೆ ನಿಂತಾಗಲೂ ಅಷ್ಟೆ. ಕರಿಗುಡ್ಡ, ಬಿಳಿಗುಡ್ಡ ಎಂದು ಎರಡು ಭಾಗವಾಗಿ ಸಮುದ್ರಮಟ್ಟದಿಂದ 1226 ಮೀಟರ್ ಎತ್ತರಕ್ಕೆ ಎದ್ದ ಕಪ್ಪು ಬಂಡೆ ಅದು, ಹಿಂದೆ ಬೆಳ್ಳಗೆ ಹೊಳೆಯುವ ಆಕಾಶ. ಬಂಡೆಯ ಮೈಮೇಲಿನ ನೀರಿಳಿದ ಗೆರೆಗಳು ಕಾಣಬೇಕೆಂದರೆ ಆಕಾಶ ಸುಟ್ಟು ಬಿಳಿಯಾಗುತ್ತದೆ, ಆಕಾಶ ಉಳಿಸಿದರೆ ಬಂಡೆ ಮಸಿಯಾಗುತ್ತದೆ. ದೊಡ್ಡ ಸೆನ್ಸರ್ ಇದ್ದು, ಸೆನ್ಸರ್ ಕಂಡದ್ದನ್ನೆಲ್ಲ ಹಾಗೆಯೇ ಇಡುವ 'ರಾ' ಫೈಲ್ ಉಳಿಸುವ ಸೌಲಭ್ಯವೂ ಇದ್ದರೆ ಮನೆಗೆ ಬಂದು ಎರಡನ್ನೂ ಹೊಂದಿಸಬಹುದು. 'ರಾ' ಇದೆಯೇ ಎಂದು ತಪ್ಪದೆ ಕೇಳು.

• ಜೂಮ್ ಎಷ್ಟು ಬೇಕು? ಕಡಿಮೆ ಸಾಕು ಎನ್ನುವುದು ನನ್ನ ಅಭಿಪ್ರಾಯ. ಕೇತೋಹಳ್ಳಿಯ ದೊಡ್ಡ ಆಲದಮರ ಮೂರು ಎಕರೆಯಷ್ಟು ಹಬ್ಬಿದೆ. ಮೂಲ ಕಾಂಡ ರೋಗ ಬಂದು ಎಂದೋ ಹೋಗಿದೆ, ಈಗ ನಿಂತಿರುವುದು ಬಿಳಲುಗಳ ಮೇಲೆ. ಅದರ ಕೆಳಗೆ ನಿಂತಾಗ ಬೇಕಾಗುವುದು ಅಗಲ ನೋಟ, ಅಂದರೆ 35 ಎಂ.ಎಂ. ಲೆಕ್ಕದಲ್ಲಿ 24 ಅಥವಾ 28. ಅಲ್ಲಿ ಹಗಲಿನಲ್ಲೂ ನೆರಳು ದಟ್ಟ, ಎಲೆಗಳ ಸಂದಿಯಿಂದ ಬಿದ್ದ ಬಿಸಿಲು ಮಾತ್ರ ಕಣ್ಣು ಕುಕ್ಕುತ್ತದೆ. ಎಫ್ 1.8, ಎಫ್ 2, ಹೆಚ್ಚೆಂದರೆ ಎಫ್ 2.8 ಎಂದು ಬರೆದ ಲೆನ್ಸ್ ಇಂಥ ಕಡೆ ಕೈ ಹಿಡಿಯುತ್ತದೆ. ಈ ಸಂಖ್ಯೆ ಚಿಕ್ಕದಾದಷ್ಟೂ ಒಳಗೆ ಹೆಚ್ಚು ಬೆಳಕು ಬರುತ್ತದೆ.

ರಾಮನಗರದ ರಾಮದೇವರ ಬೆಟ್ಟಕ್ಕೆ ಹೋಗುವಾಗ ಮಾತ್ರ ದೂರದ ಜೂಮ್ ಬೇಕೆನಿಸುತ್ತದೆ. 2012ರಲ್ಲಿ ಅದು ರಣಹದ್ದುಗಳ ವನ್ಯಧಾಮವಾಯಿತು, ಉದ್ದ ಕೊಕ್ಕಿನ ರಣಹದ್ದು ಅಲ್ಲಿನ ಬಂಡೆಯ ಅಂಚಿನಲ್ಲಿ ಗೂಡು ಕಟ್ಟುತ್ತದೆ. ಸೋನಿ ಎಚ್‌ಎಕ್ಸ್99 ಎಂಬ ಪುಟ್ಟ ಕ್ಯಾಮೆರಾ 24ರಿಂದ 720ರ ತನಕ, ಕ್ಯಾನನ್ ಎಸ್‌ಎಕ್ಸ್740 ಅದರಿಂದಾಚೆ 960ರ ತನಕ ಎಳೆಯುತ್ತವೆ. ಆದರೆ ಎರಡರಲ್ಲೂ ಸಣ್ಣ ಸೆನ್ಸರ್. ತುದಿಯ ತನಕ ಎಳೆದಾಗ ಬೆಳಕು ಸಾಲದೆ ಹಕ್ಕಿ ಮಸುಕಾಗುತ್ತದೆ. ಪೂರ್ಣಚಂದ್ರ ತೇಜಸ್ವಿಯವರ ಹಕ್ಕಿ ಚಿತ್ರಗಳನ್ನು ನೋಡಿ ಬೆಳೆದವಳು ನೀನು. ಅಂಥ ಚಿತ್ರಕ್ಕೆ ದೊಡ್ಡ ಲೆನ್ಸ್ ಬೇಕು, ಅದಕ್ಕಿಂತ ಹೆಚ್ಚಾಗಿ ಒಂದೇ ಕಡೆ ಕೂತು ಕಾಯುವ ಸಮಯ ಬೇಕು. ಬೈಕ್ ರೈಡ್‌ನ ನಡುವೆ ಅದು ಆಗದು. ರಣಹದ್ದು ನೋಡಲು ಒಂದು ಸಣ್ಣ ಬೈನಾಕ್ಯುಲರ್ ಒಯ್ಯಿ, ಕಣ್ತುಂಬ ನೋಡು.

• ಈಗ ಧೂಳಿನ ಮಾತು. ಇದನ್ನು ಎರಡು ಸಲ ಓದು, ಏಕೆಂದರೆ ಕ್ಯಾಮೆರಾ ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ.

ಜೂಮ್ ಇರುವ ಕಾಂಪ್ಯಾಕ್ಟ್ ಆನ್ ಮಾಡಿದೊಡನೆ ಆಮೆ ಕತ್ತು ಚಾಚಿದ ಹಾಗೆ ಲೆನ್ಸ್ ಹೊರಗೆ ಬರುತ್ತದೆ, ಆಫ್ ಮಾಡಿದರೆ ಒಳಗೆ ಸೇರಿಕೊಳ್ಳುತ್ತದೆ. ಹೊರಗೆ ಬರುವಾಗ ಒಳಗಿನ ಜಾಗ ಹಿಗ್ಗಿ ಕೊಳವೆಗಳ ಸಂದಿಯಿಂದ ಗಾಳಿಯನ್ನು ಎಳೆದುಕೊಳ್ಳುತ್ತದೆ. ಆ ಗಾಳಿಯ ಜೊತೆ ನಮ್ಮ ಕೆಂಪು ಮಣ್ಣಿನ ಧೂಳೂ ಒಳಗೆ ಹೋಗಿ ಕೊನೆಗೆ ಸೆನ್ಸರ್ ಮೇಲೆ ಕೂರುತ್ತದೆ. ಲೆನ್ಸ್ ಬಿಚ್ಚಲಾಗದ ಕ್ಯಾಮೆರಾ ಆದ್ದರಿಂದ ನೀನು ಅದನ್ನು ಒರೆಸಲಾರೆ. ಸರ್ವಿಸ್ ಸೆಂಟರ್‌ನಲ್ಲಿ ಇಡೀ ಕ್ಯಾಮೆರಾ ಬಿಚ್ಚಬೇಕು, ಖರ್ಚು ಜೋರು. ಜೂಮ್ ಇಲ್ಲದ ರಿಕೋ ಜಿಆರ್‌ನಲ್ಲೂ ಲೆನ್ಸ್ ಹೀಗೇ ಹೊರಗೆ ಬರುತ್ತದೆ, ಧೂಳು ನೀರು ತಡೆಯುವ ಸೀಲ್ ಅದಕ್ಕಿಲ್ಲ. ಲೆನ್ಸ್ ಹೊರಗೆ ಬಾರದೆ ಗಾಜಿನ ಹಿಂದೆಯೇ ಓಡಾಡುವ ಕ್ಯಾಮೆರಾ ಎಂದರೆ ಒಲಿಂಪಸ್ ಟಫ್ ಸಾಲಿನ ಟಿಜಿ-6, ಅದರ ಮುಂದಿನದು, ಈಗ ಓಎಂ ಸಿಸ್ಟಮ್ ಹೆಸರಿನಲ್ಲಿ ಬರುವ ಟಿಜಿ-7.

ನಮ್ಮ ಕಡೆ ಈ ಧೂಳು ಕಡಿಮೆಯಾಗುವ ಲಕ್ಷಣ ಸದ್ಯಕ್ಕಂತೂ ಇಲ್ಲ. ನಮ್ಮ ಮೆಟ್ರೋ ಮೂರನೇ ಹಂತಕ್ಕೆ 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ. ಅದರ ಒಂದು ಮಾರ್ಗ ಜೆ.ಪಿ. ನಗರದಿಂದ ಹೊರವರ್ತುಲ ರಸ್ತೆಯ ಮೇಲೆ ನಾಗರಬಾವಿ ಹಾಯ್ದು ಕೆಂಪಾಪುರಕ್ಕೆ, ಇನ್ನೊಂದು ಹೊಸಹಳ್ಳಿಯಿಂದ ಮಾಗಡಿ ರಸ್ತೆಯುದ್ದಕ್ಕೂ ಕಡಬಗೆರೆಗೆ. ಅಂದರೆ ನೀನು ಊರು ಬಿಡುವ ಎರಡು ದಾರಿಗಳೂ ಕೆಲವು ವರ್ಷ ಅಗೆತದ ದಾರಿಗಳೇ. ಊರಾಚೆ ಟಿಪ್ಪರ್ ಲಾರಿಗಳು ಬೇರೆ.

ಹಾಗಾಗಿ ಅಭ್ಯಾಸ ಹೀಗಿರಲಿ. ಲಾರಿ ಹೋದ ಮೇಲೆ ಧೂಳು ಇಳಿಯುವ ತನಕ ಕ್ಯಾಮೆರಾ ಆನ್ ಮಾಡಬೇಡ. ಗಾಳಿಗೆ ಬೆನ್ನು ಕೊಟ್ಟು ನಿಲ್ಲು. ಆಫ್ ಮಾಡುವ ಮೊದಲು, ಲೆನ್ಸ್ ಇನ್ನೂ ಹೊರಗಿರುವಾಗಲೇ, ಕೊಳವೆಯ ಸುತ್ತ ಬ್ಲೋವರ್‌ನಿಂದ ಊದು. ಇಲ್ಲದಿದ್ದರೆ ಮೈಮೇಲೆ ಕೂತ ಧೂಳನ್ನು ಅದೇ ಒಳಗೆ ಎಳೆದುಕೊಂಡು ಹೋಗುತ್ತದೆ. ಬಾಯಿಂದ ಊದಬೇಡ, ಎಂಜಲು ಹನಿ ಬೀಳುತ್ತದೆ. ಧೂಳಿರುವ ಗಾಜನ್ನು ದುಪಟ್ಟಾದಿಂದ, ಶರ್ಟಿನ ತುದಿಯಿಂದ ಒರೆಸಲೇಬೇಡ, ಮಣ್ಣಿನ ಕಣ ಗೀರು ಹಾಕುತ್ತದೆ.

• ಮಳೆ. ಏಪ್ರಿಲ್, ಮೇ ಸಂಜೆ ಎಲ್ಲಿಂದಲೋ ಬಂದು ಹೊಡೆಯುವ ಮಳೆಗೆ ನಿನ್ನ ಗಾಡಿ ಸಿಕ್ಕೇ ಸಿಗುತ್ತದೆ. ಟಿಜಿ-7ನ್ನು 15 ಮೀಟರ್ ನೀರಿನ ಆಳಕ್ಕೆ, 2.1 ಮೀಟರ್ ಎತ್ತರದಿಂದ ಬಿದ್ದರೆ ತಡೆಯುವ ಹಾಗೆ ಮಾಡಿದ್ದಾರೆ. ಅದು ಕೈಯಿಂದ ಜಾರಿ ಬಿದ್ದ ಲೆಕ್ಕ, ಓಡುವ ಬೈಕಿನಿಂದ ಬಿದ್ದದ್ದಲ್ಲ. ವಾಟರ್‌ಪ್ರೂಫ್ ಎಂದು ಮೈಮರೆಯಲೂಬಾರದು. ನೀರು ತಡೆಯುವುದು ಬ್ಯಾಟರಿ ಬಾಗಿಲಿನ ಸುತ್ತ ಇರುವ ತೆಳ್ಳಗಿನ ರಬ್ಬರ್. ಒಂದು ಕೂದಲೆಳೆ, ಒಂದು ಮರಳಿನ ಕಣ ಅದರ ಮೇಲೆ ಕೂತರೆ ನೀರು ಒಳಗೆ. ಬಾಗಿಲು ತೆರೆಯುವ ಮೊದಲು ಮೈ ಪೂರ್ತಿ ಒರೆಸು, ಮುಚ್ಚುವ ಮೊದಲು ರಬ್ಬರ್ ನೋಡು, ಲಾಕ್ ಬಿತ್ತೇ ಎಂದು ಮತ್ತೊಮ್ಮೆ ನೋಡು. ವರ್ಷಕ್ಕೊಮ್ಮೆ ಆ ರಬ್ಬರ್ ಬದಲಿಸಬೇಕು. ಬೇರೆ ಕ್ಯಾಮೆರಾ ಕೊಂಡರೆ ಜಿಪ್ ಇರುವ ದಪ್ಪ ಪ್ಲಾಸ್ಟಿಕ್ ಕವರ್ ಎರಡು ಸದಾ ಚೀಲದಲ್ಲಿರಲಿ.

ಮಳೆಗಾಲದಲ್ಲಿ ಸಕಲೇಶಪುರ, ಆಗುಂಬೆ ಎಂದು ಹೊರಟರೆ ಹೊರಗಿನ ನೀರಿಗಿಂತ ತೇವದ ಗಾಳಿ ಹೆಚ್ಚು ಕೆಡುಕು. ಲೆನ್ಸ್ ಒಳಗೆ ಬೂಷ್ಟು ಹಿಡಿದರೆ ಬಿಡಿಸುವುದು ಕಷ್ಟ. ಬಂದ ಮೇಲೆ ಕ್ಯಾಮೆರಾವನ್ನು ಪೌಚಿನಲ್ಲೇ ಬಿಟ್ಟು ಬೀರುವಿನಲ್ಲಿ ಇಡಬೇಡ. ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡು. ಅಕ್ಕಿಯಲ್ಲಿ ಹೂತಿಡುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡ, ಅಕ್ಕಿಯ ಹುಡಿ ಹೊಸ ತೊಂದರೆ.

• ಓಡಿಸುವಾಗ ಕ್ಯಾಮೆರಾ ಟ್ಯಾಂಕ್ ಬ್ಯಾಗಿನಲ್ಲಿ, ಇಳಿದ ಮೇಲೆ ಜೇಬಿನಲ್ಲಿ. ಇದರಲ್ಲಿ ರಾಜಿ ಬೇಡ. ಬಿದ್ದಾಗ ಎದೆಯ ಮೇಲೋ, ಬೆನ್ನುಮೂಳೆಯ ಮೇಲೋ, ಸೊಂಟದ ಪಕ್ಕದಲ್ಲೋ ಗಟ್ಟಿ ವಸ್ತು ಇದ್ದರೆ ರಸ್ತೆಗಿಂತ ಅದೇ ಹೆಚ್ಚು ಗಾಯ ಮಾಡಬಹುದು. ಕುತ್ತಿಗೆಗೆ ಪಟ್ಟಿ ಹಾಕಿಕೊಂಡು ಓಡಿಸುವುದಂತೂ ಬೇಡವೇ ಬೇಡ. ಟ್ಯಾಂಕ್ ಬ್ಯಾಗಿನ ತಳಕ್ಕೆ ಎರಡು ಬೆರಳು ದಪ್ಪದ ಫೋಮ್ ಹಾಕಿಸು, ಎಂಜಿನ್ನಿನ ಕಂಪನವನ್ನು ಅದು ಹೀರುತ್ತದೆ. ಬೀಗದ ಕೈ, ಪಾನಾ, ಚಿಲ್ಲರೆ ಕಾಸು ಅದೇ ಖಾನೆಯಲ್ಲಿ ಇರಕೂಡದು. ತಿಂಡಿಗೆ ನಿಂತಾಗ ಬ್ಯಾಗನ್ನು ಟ್ಯಾಂಕಿನ ಮೇಲೆ ಬಿಸಿಲಿಗೆ ಬಿಟ್ಟು ಹೋಗಬೇಡ.

• ಬ್ಯಾಟರಿ ಒಂದು ಸಾಲದು. ಜಿಆರ್ 3ರಲ್ಲಿ ಒಂದು ಚಾರ್ಜ್‌ಗೆ ಸುಮಾರು 200 ಚಿತ್ರ ಎಂದು ಕಂಪನಿಯೇ ಹೇಳುತ್ತದೆ. ಟೈಪ್ ಸಿ ಕೇಬಲ್‌ನಿಂದ ನೇರವಾಗಿ ಚಾರ್ಜ್ ಆಗುವ ಮಾದರಿ ಆರಿಸಿದರೆ ಫೋನಿನ ಪವರ್ ಬ್ಯಾಂಕೇ ಇದಕ್ಕೂ ಆಗುತ್ತದೆ.

• ಮೆಮೊರಿ ಕಾರ್ಡ್ 64 ಜಿಬಿಯ ಎರಡು ತಗೋ, 128ರ ಒಂದಲ್ಲ. ಪೇಟೆಯಲ್ಲಿ ನಕಲಿ ಬಹಳ. ಕೊಂಡ ದಿನವೇ ಪೂರ್ತಿ ತುಂಬಿಸಿ, ಫೈಲ್‌ಗಳು ತೆರೆಯುತ್ತವೆಯೇ ನೋಡು.

• ಹೊಸದೋ, ಹಳೆಯದೋ? ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕ ನೋಡು: 2010ರಲ್ಲಿ ಅವರು ಜಗತ್ತಿಗೆ ಕಳಿಸಿದ ಕಾಂಪ್ಯಾಕ್ಟ್ ಕ್ಯಾಮೆರಾಗಳು ಹತ್ತು ಕೋಟಿಗೂ ಹೆಚ್ಚು, 2023ರಲ್ಲಿ ಇಪ್ಪತ್ತು ಲಕ್ಷಕ್ಕೂ ಕಡಿಮೆ. ಫೋನ್ ಬಂದು ಆ ಮಾರುಕಟ್ಟೆಯನ್ನು ನುಂಗಿತು. ಒಳ್ಳೆಯ ಮಾದರಿಗಳನ್ನು ಕಂಪನಿಗಳು ಒಂದೊಂದಾಗಿ ನಿಲ್ಲಿಸಿದವು, ಉಳಿದವು ದುಬಾರಿಯಾದವು. ಈಗ ಮತ್ತೆ ನಿನ್ನ ವಯಸ್ಸಿನವರು ಇವನ್ನು ಹುಡುಕುತ್ತಿದ್ದಾರೆ, ಹಾಗಾಗಿ ಹಳೆಯದಕ್ಕೂ ಬೇಡಿಕೆ. 2012ರ ಮೊದಲ ಆರ್‌ಎಕ್ಸ್100 ಇಂದಿಗೂ ಹಗಲು ಬೆಳಕಿನಲ್ಲಿ ತಲೆತಗ್ಗಿಸದ ಚಿತ್ರ ಕೊಡುತ್ತದೆ. ಆದ್ದರಿಂದ ಸೆಕೆಂಡ್ ಹ್ಯಾಂಡ್ ಎಂದರೆ ಹಿಂಜರಿಯಬೇಡ, ಆದರೆ ಕೈಯಲ್ಲಿ ಹಿಡಿದು ನೋಡದೆ ದುಡ್ಡು ಕಳಿಸಬೇಡ.

ಪರೀಕ್ಷೆ ಹೀಗೆ ಮಾಡು. ಲೆನ್ಸಿನೊಳಗೆ ಬೆಳಕು ಬಿಡುವ ದ್ಯುತಿರಂಧ್ರವನ್ನು ಇರುವುದರಲ್ಲೇ ಕಿರಿದು ಮಾಡಿ, ಎಫ್ 8 ಅಥವಾ 11ಕ್ಕೆ ಇಟ್ಟು, ಖಾಲಿ ಆಕಾಶವನ್ನೋ ಬಿಳಿ ಗೋಡೆಯನ್ನೋ ತೆಗೆ. ಪರದೆಯಲ್ಲಿ ದೊಡ್ಡದು ಮಾಡಿ ಮೂಲೆಯಿಂದ ಮೂಲೆಗೆ ಸರಿಸು. ಬೂದು ಚುಕ್ಕೆಗಳು ಕಂಡರೆ ಒಳಗೆ ಧೂಳು ಸೇರಿದೆ. ಮೊಬೈಲ್ ಟಾರ್ಚನ್ನು ಓರೆಯಾಗಿ ಬಿಟ್ಟು ಲೆನ್ಸಿನೊಳಗೆ ನೋಡು, ಜೇಡರ ಬಲೆಯಂಥ ಎಳೆ ಇದ್ದರೆ ಅದೇ ಬೂಷ್ಟು. ಜೂಮನ್ನು ಹತ್ತಾರು ಸಲ ಹಿಂದೆ ಮುಂದೆ ಓಡಿಸು, ಕಿರ್ ಎಂಬ ಸದ್ದು ಬಂದರೆ ಬೇಡ. ಲೆನ್ಸ್ ಮುಚ್ಚುವ ರೆಪ್ಪೆಗಳು ಪೂರ್ತಿ ಮುಚ್ಚುತ್ತವೆಯೇ, ಬ್ಯಾಟರಿ ಬಾಗಿಲು ಸಡಿಲವೇ, ಫ್ಲ್ಯಾಶ್ ಏಳುತ್ತದೆಯೇ ನೋಡು. ವಾಟರ್‌ಪ್ರೂಫ್ ಕ್ಯಾಮೆರಾ ಸೆಕೆಂಡ್ ಹ್ಯಾಂಡ್ ಬೇಡ. ಅದರ ರಬ್ಬರ್ ಎಷ್ಟು ಸವೆದಿದೆ ಎಂದು ಹೊರಗಿನಿಂದ ತಿಳಿಯದು.

• ಬಿಲ್ ಇಲ್ಲದೆ ಕೊಳ್ಳಬೇಡ. 2019ರ ಜನವರಿಯಿಂದ ಡಿಜಿಟಲ್ ಕ್ಯಾಮೆರಾದ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಬಿಲ್ ಬೇಡವಾದರೆ ಇಷ್ಟಕ್ಕೆ ಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ಅದು ಹೊರದೇಶದಿಂದ ಬಂದ, ಇಲ್ಲಿ ವಾರಂಟಿ ಸಿಗದ ಮಾಲು ಇರಬಹುದು. ಕಾರ್ಡ್ ರೀಡರ್, ಕೇಬಲ್, ಪೌಚ್‌ಗೆ ಎಸ್.ಪಿ. ರಸ್ತೆಗೆ ಹೋಗು. ಕ್ಯಾಮೆರಾವನ್ನು ಮಾತ್ರ ಕಂಪನಿಯ ಅಧಿಕೃತ ಮಾರಾಟಗಾರರಿಂದ ತಗೋ, ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬರೆಸು.

• ಎಲ್ಲಿ ನಿಲ್ಲಿಸುತ್ತೀಯ ಎನ್ನುವುದರ ಬಗ್ಗೆ ನನಗೆ ಕ್ಯಾಮೆರಾಕ್ಕಿಂತ ಹೆಚ್ಚು ಚಿಂತೆ. ಓಡುತ್ತಾ ಒಂದು ಕೈಯಲ್ಲಿ ತೆಗೆಯುವುದು ಎಂದೆಂದಿಗೂ ಬೇಡ, ರಸ್ತೆ ಎಷ್ಟೇ ಖಾಲಿ ಇರಲಿ. ನೈಸ್ ರಸ್ತೆಯಲ್ಲಿ ಅಂಚಿಗೆ ನಿಲ್ಲಿಸಿ ಸೂರ್ಯೋದಯ ತೆಗೆಯುವವರನ್ನು ನೋಡಿರುತ್ತೀಯ, ಹಿಂದಿನಿಂದ ಬರುವ ಕಾರಿನವನಿಗೆ ನೀನು ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಮೈಸೂರು ಎಕ್ಸ್‌ಪ್ರೆಸ್‌ವೇಗೆ 2023ರ ಆಗಸ್ಟ್ 1ರಿಂದ ಬೈಕ್‌ಗಳಿಗೆ ಪ್ರವೇಶವೇ ಇಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಅದರಲ್ಲಿ ಒಂದು ಅನುಕೂಲವೂ ಇದೆ, ಬಿಡದಿಯ ತಟ್ಟೆ ಇಡ್ಲಿ ಅಂಗಡಿಗಳ ಮುಂದೆ ನಿಧಾನವಾಗಿ ನಿಲ್ಲಬಹುದು, ಹಬೆಯಾಡುವ ತಟ್ಟೆಗಳನ್ನು ತೆಗೆಯಬಹುದು.

ನಿಲ್ಲಿಸಿದ ಮೇಲೆ ಡಾಂಬರು ಬಿಟ್ಟು ಕೆಳಗಿಳಿ, ನೆಲ ಗಟ್ಟಿ ಇದೆಯೇ ನೋಡಿ ಸ್ಟ್ಯಾಂಡ್ ಹಾಕು, ಎಂಜಿನ್ ಆಫ್ ಮಾಡು. ಎಂಜಿನ್ ಓಡುತ್ತಿರುವ ಗಾಡಿಯ ಮೇಲೆ ಕೂತು ತೆಗೆದರೆ ಆ ನಡುಕ ಕೈಗೆ ಬಂದು ಚಿತ್ರ ಅಲುಗಾಡುತ್ತದೆ. ಮಂಚನಬೆಲೆಯಲ್ಲಿ ನೀರಿನ ಅಂಚಿಗೆ ಇಳಿಯಬೇಡ. ಈಜು ಬಲ್ಲ ಹುಡುಗರೇ ಅಲ್ಲಿ ಎಷ್ಟೋ ಮಂದಿ ಹೋಗಿದ್ದಾರೆ. ತಿಪ್ಪಗೊಂಡನಹಳ್ಳಿಯಂಥ ಜಲಾಶಯಗಳ ಬಳಿ ನಿಷೇಧದ ಫಲಕ ಕಂಡರೆ ಕ್ಯಾಮೆರಾ ಒಳಗಿಡು, ಕಾವಲಿನವರ ಜೊತೆ ವಾದ ಬೇಡ. ಆಲದಮರದ ಹತ್ತಿರ ಕೋತಿಗಳಿವೆ. ಪಟ್ಟಿ ಮಣಿಕಟ್ಟಿನಲ್ಲಿರಲಿ, ಚೀಲದಲ್ಲಿ ಬಿಸ್ಕತ್ತಿನ ಪೊಟ್ಟಣ ಸದ್ದು ಮಾಡದಿರಲಿ. ಹೊಲದಲ್ಲಿ ಕೆಲಸ ಮಾಡುವವರನ್ನು ತೆಗೆಯುವ ಮೊದಲು ಹತ್ತಿರ ಹೋಗಿ "ಅಮ್ಮಾ, ಒಂದು ಫೋಟೋ ತೆಗೀಲಾ?" ಎಂದು ಕೇಳು. ಬೇಡ ಎಂದರೆ ನಮಸ್ಕಾರ ಹೇಳಿ ಹೊರಡು.

• ಇಷ್ಟೆಲ್ಲ ಹೇಳಿ ಹೆಸರು ಹೇಳದಿದ್ದರೆ ನೀನು ಬಿಡುವುದಿಲ್ಲ. ಮಾಗಡಿ ರಸ್ತೆಯ ಧೂಳು, ಮೇ ತಿಂಗಳ ಮಳೆ, ಹೊಸದಾಗಿ ಕಲಿಯುತ್ತಿರುವ ಕೈ, ಮೂರನ್ನೂ ನೋಡಿದರೆ ನಿನ್ನ ಮೊದಲ ಕ್ಯಾಮೆರಾ ಟಿಜಿ-7 ಆಗಲಿ ಎನ್ನುತ್ತೇನೆ. ಕಡಿಮೆ ಬೆಳಕಿನ ಚಿತ್ರ ಸಾಧಾರಣ, ಅದನ್ನು ತಿಳಿದೇ ಕೊಳ್ಳಬೇಕು. ಆದರೆ ಯಾವ ಭಯವೂ ಇಲ್ಲದೆ ದಿನವೂ ಒಯ್ಯುತ್ತೀಯ, ಲೆನ್ಸಿನಿಂದ 1 ಸೆಂ.ಮೀ. ದೂರದ ವಸ್ತುವನ್ನೂ ಅದು ಹಿಡಿಯುವುದರಿಂದ ಬಂಡೆಯ ಮೇಲಿನ ಕಲ್ಲುಹೂವು, ಇಬ್ಬನಿ ಹೊತ್ತ ಜೇಡರ ಬಲೆ ನಿನಗೆ ಸಿಗುತ್ತವೆ. ಫೋನಿಗೆ ಅಷ್ಟು ಹತ್ತಿರ ಸುಲಭವಲ್ಲ.

ನಿಂತು, ನೋಡಿ, ನಿಧಾನವಾಗಿ ತೆಗೆಯುವ ಮನಸ್ಸು ನಿನ್ನದಾಗಿದ್ದರೆ, ಮೇಲೆ ಹೇಳಿದ ಧೂಳಿನ ಶಿಸ್ತು ಪಾಲಿಸುತ್ತೇನೆ ಎಂದು ಮಾತು ಕೊಟ್ಟರೆ, ರಿಕೋ ಜಿಆರ್ 3. ಎಪಿಎಸ್-ಸಿ ಸೆನ್ಸರ್, 28 ಎಂ.ಎಂ. ನೋಟ, ಆನ್ ಮಾಡಿದ 0.8 ಸೆಕೆಂಡಿಗೆ ಸಿದ್ಧ. 2025ರಲ್ಲಿ ಜಿಆರ್ 4 ಬಂದಿರುವುದರಿಂದ ಹಳೆಯದು ಸೆಕೆಂಡ್ ಹ್ಯಾಂಡ್ ಸಿಗುವ ಸಾಧ್ಯತೆ ಹೆಚ್ಚು. ಮನೆಯ ಮದುವೆ ಮುಂಜಿಗೂ ಅದೇ ಆಗಬೇಕೆಂದರೆ ಒಂದು ಇಂಚು ಸೆನ್ಸರ್‌ನ ಜೂಮ್ ಕ್ಯಾಮೆರಾ, ಆರ್‌ಎಕ್ಸ್100 ಅಥವಾ ಜಿ7ಎಕ್ಸ್. ಆದರೆ ರೈಡ್‌ನ ಧೂಳು ನನಗೆ ಚಿಂತೆ ಹುಟ್ಟಿಸುವುದು ಇವುಗಳ ವಿಷಯದಲ್ಲೇ.

• ಚಿತ್ರ ನೋಡಲು ಕಲಿಯುವುದಕ್ಕೆ ಹಿರಿಯರ ಜೊತೆ ಬೆರೆ. ಯೂತ್ ಫೋಟೋಗ್ರಾಫಿಕ್ ಸೊಸೈಟಿ 1971ರಿಂದ ನಮ್ಮ ಊರಿನಲ್ಲಿದೆ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥವರು ಕಾಡಿನ ಚಿತ್ರ ತೆಗೆದು ಹೆಸರು ಮಾಡಿದ ಊರು ಇದು. ಚಿತ್ರಕಲಾ ಪರಿಷತ್ತಿನಲ್ಲಿ ಫೋಟೋ ಪ್ರದರ್ಶನ ಇದ್ದಾಗ ಹೋಗು, ದೊಡ್ಡ ಪ್ರಿಂಟ್‌ನ ಮುಂದೆ ಸಾಕಷ್ಟು ಹೊತ್ತು ನಿಲ್ಲು.

• ಕೊಂಡ ಮೊದಲ ವಾರ ದೂರ ಹೋಗಬೇಡ. ಬೆಳಿಗ್ಗೆ ಮಲ್ಲತ್ತಹಳ್ಳಿ ಕೆರೆ, ಸಂಜೆ ಜ್ಞಾನಭಾರತಿಯ ಮರಗಳ ಸಾಲು, ರಾತ್ರಿ ಮನೆ ಮುಂದಿನ ಬೀದಿ ದೀಪ, ಮೂರು ಬೆಳಕಿನಲ್ಲೂ ತೆಗೆ. ಅಂಗಡಿಯವರು ಬದಲಿಸಿಕೊಡುವ ಅವಧಿ ಮುಗಿಯುವ ಮೊದಲೇ ದೋಷ ಇದ್ದರೆ ಗೊತ್ತಾಗಬೇಕು. ತೆಗೆದ ಚಿತ್ರಗಳನ್ನು ನನಗೆ ವಾಟ್ಸಾಪ್‌ನಲ್ಲಿ ಮಾಮೂಲಿ ಫೋಟೋದಂತೆ ಕಳಿಸಬೇಡ, ಅದು ಹಿಂಡಿ ಚಿಕ್ಕದು ಮಾಡುತ್ತದೆ, ಮೂಲೆಯ ಮಸುಕು ನನಗೆ ಕಾಣುವುದಿಲ್ಲ. ಕಾರ್ಡನ್ನೇ ಹಿಡಿದುಕೊಂಡು ಮನೆಗೆ ಬಾ. ಚಿಕ್ಕಮ್ಮನಿಗೆ ಅಕ್ಕಿ ರೊಟ್ಟಿ ಹಾಕಲು ಹೇಳುತ್ತೇನೆ, ದೊಡ್ಡ ಪರದೆಯಲ್ಲಿ ಒಂದೊಂದನ್ನೇ ಕೂತು ನೋಡೋಣ.